ಆಟದ ಹಣ: ಯಾರ ಪಾಲು ಎಷ್ಟು?



1964ರ ಜನವರಿ 14ರ ಸಂಜೆ. ಅಮೆರಿಕದ ಬಾಸ್ಟನ್ ನಗರದಲ್ಲಿ ಹಿಮ ಸುರಿಯುತ್ತಿತ್ತು. ಬಾಸ್ಟನ್ ಗಾರ್ಡನ್ ಎಂಬ ಒಳಾಂಗಣ ಕ್ರೀಡಾಂಗಣದಲ್ಲಿ ಎನ್‌ಬಿಎ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಿನ ಆಲ್‌ಸ್ಟಾರ್ ಪಂದ್ಯ ನಡೆಯಬೇಕಾಗಿತ್ತು. ಲೀಗಿನ ಅತ್ಯುತ್ತಮ ಆಟಗಾರರನ್ನು ಆರಿಸಿ, ಎರಡು ತಂಡ ಮಾಡಿ ಆಡಿಸುವ ಪಂದ್ಯವದು. ಎಬಿಸಿ ಎಂಬ ದೂರದರ್ಶನ ಸಂಸ್ಥೆ ಅದನ್ನು ದೇಶಕ್ಕೆಲ್ಲ ನೇರವಾಗಿ ತೋರಿಸಲು ಕ್ಯಾಮೆರಾಗಳನ್ನು ಹೂಡಿ ಕಾದಿತ್ತು. ಪ್ರಸಾರದ ಹೊತ್ತು ಹತ್ತಿರವಾಯಿತು. ಅಂಗಣ ಮಾತ್ರ ಖಾಲಿ. ಬಿಲ್ ರಸೆಲ್, ವಿಲ್ಟ್ ಚೇಂಬರ್ಲೇನ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಮೊದಲಾದ ಆಟಗಾರರೆಲ್ಲ ಉಡುಪು ಬದಲಿಸುವ ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು.

ಅವರು ಕೇಳಿದ್ದು ಕೋಟಿ ರೂಪಾಯಿಯಲ್ಲ, ಬಂಗಲೆಯಲ್ಲ. ನಿವೃತ್ತಿಯಾದ ಮೇಲೆ ಒಂದು ಪಿಂಚಣಿ, ಮತ್ತು ತಮ್ಮ ಸಂಘಕ್ಕೆ ಮಾನ್ಯತೆ. ಮಾಲೀಕರು ವರ್ಷಗಳಿಂದ ‘ನೋಡೋಣ’ ಎನ್ನುತ್ತಲೇ ಬಂದಿದ್ದರು. ಲಾಸ್ ಏಂಜಲಿಸ್ ತಂಡದ ಮಾಲೀಕರು ತಮ್ಮ ಇಬ್ಬರು ಆಟಗಾರರು ಕೂಡಲೇ ಹೊರಗೆ ಬರಬೇಕೆಂದು ಒಳಗೆ ಹೇಳಿ ಕಳುಹಿಸಿದರು. ಅದರಿಂದ ಒಳಗಿದ್ದವರ ಹಟ ಇನ್ನೂ ಬಿಗಿಯಾಯಿತು. ಕೊನೆಗೆ ಲೀಗಿನ ಅಧ್ಯಕ್ಷ ವಾಲ್ಟರ್ ಕೆನಡಿ ಅವರೇ ಬಂದು ಪಿಂಚಣಿಯ ಬಗ್ಗೆ ಮಾತು ಕೊಟ್ಟ ಮೇಲೆ ಆಟಗಾರರು ಹೊರಗೆ ಬಂದರು. ಪಂದ್ಯ ಕೆಲವು ನಿಮಿಷ ತಡವಾಗಿ ಆರಂಭವಾಯಿತು.

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಆ ಕೆಲವು ನಿಮಿಷಗಳ ಬೆಲೆ ಗೊತ್ತು. ನೇರ ಪ್ರಸಾರದಲ್ಲಿ ಗಡಿಯಾರದ ಮುಳ್ಳು ಯಾರಿಗಾಗಿಯೂ ನಿಲ್ಲುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕುಳಿತವರಿಗೆ ಖಾಲಿ ಅಂಗಣ ಕಾಣುತ್ತಿದ್ದರೆ ಅರ್ಧ ನಿಮಿಷವೂ ಅರ್ಧ ಗಂಟೆಯಾಗುತ್ತದೆ. ಮಾಲೀಕರ ಬಳಿ ಕ್ರೀಡಾಂಗಣವಿತ್ತು, ಟಿಕೆಟ್ಟಿನ ಹಣವಿತ್ತು, ಪ್ರಸಾರದ ಒಪ್ಪಂದವಿತ್ತು. ಆದರೆ ಕ್ಯಾಮೆರಾದ ಮುಂದೆ ನಿಲ್ಲಿಸಲು ಯಾರೂ ಇರಲಿಲ್ಲ. ಆಟಗಾರರಿಗೆ ತಮ್ಮ ಬೆಲೆ ಆವತ್ತು ಅರ್ಥವಾಯಿತು, ಮಾಲೀಕರಿಗೂ ಅರ್ಥವಾಯಿತು.

ಒಂದು ಲೀಗ್ ಗಳಿಸುವ ಹಣವನ್ನು ತಂಡಗಳ ಮಾಲೀಕರು ಮತ್ತು ಆಟಗಾರರು ಹೇಗೆ ಹಂಚಿಕೊಳ್ಳಬೇಕು? ಇಂದಿನ ನಮ್ಮ ವಿಷಯ ಇದು. ಪತ್ರಿಕೆಯಲ್ಲಿ ಒಬ್ಬ ಆಟಗಾರನಿಗೆ ಹತ್ತಿಪ್ಪತ್ತು ಕೋಟಿ ಎಂದು ಓದಿದಾಗ ನಿಮ್ಮಲ್ಲಿ ಅನೇಕರಿಗೆ ‘ಇಷ್ಟು ಹಣವೇ?’ ಅನ್ನಿಸಿರಬಹುದು. ಆ ಪ್ರಶ್ನೆ ಸಹಜವೇ. ಆದರೆ ಆ ಹಣ ಆಟಗಾರನಿಗೆ ಹೋಗದಿದ್ದರೆ ಬಡವರ ಮನೆಗೇನೂ ಹೋಗುವುದಿಲ್ಲ. ಮಾಲೀಕರ ತಿಜೋರಿಗೆ ಹೋಗುತ್ತದೆ. ಆದ್ದರಿಂದ ಮೊತ್ತವನ್ನು ಒಂದು ಕ್ಷಣ ಮರೆತು, ಪಾಲನ್ನು ನೋಡೋಣ.

ನಮ್ಮ ಕಂಪನಿ ನಾಟಕಗಳನ್ನು ನೆನಪಿಸಿಕೊಳ್ಳಿ. ಯಜಮಾನರು ಪರದೆ, ಸೀನರಿ, ದೀಪ, ಊಟದ ಖರ್ಚು ಎಲ್ಲವನ್ನೂ ಹೊರುತ್ತಿದ್ದರು. ಮಳೆ ಬಂದು ಕ್ಯಾಂಪ್ ಕೆಟ್ಟರೆ ಸಾಲ ಅವರ ತಲೆಯ ಮೇಲೆ. ಆದರೆ ಜನ ಬರುತ್ತಿದ್ದದ್ದು ನಟರನ್ನು ನೋಡಲು. ಇಬ್ಬರಲ್ಲಿ ಒಬ್ಬರಿಲ್ಲದಿದ್ದರೂ ನಾಟಕವಿಲ್ಲ. ಕ್ರೀಡೆಯಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಒಂದು ನಾಟಕ ಕಂಪನಿ ಒಂಟಿಯಾಗಿ ನಾಟಕ ಆಡಬಹುದು. ಒಂದು ತಂಡ ಒಂಟಿಯಾಗಿ ಪಂದ್ಯ ಆಡಲಾರದು. ಎದುರಾಳಿ ಬೇಕು, ಅವನೂ ಸರಿಸಮನಾಗಿರಬೇಕು. ಹಾಗಾಗಿ ಮಾಲೀಕರು ಪರಸ್ಪರ ಸ್ಪರ್ಧಿಗಳೂ ಹೌದು, ಪಾಲುದಾರರೂ ಹೌದು. ಬೇರೆ ಯಾವ ವ್ಯಾಪಾರದಲ್ಲಿಯೂ ಎದುರಂಗಡಿಯವನು ಚೆನ್ನಾಗಿರಲಿ ಎಂದು ಯಾರೂ ಹಾರೈಸುವುದಿಲ್ಲ!

ಮಾಲೀಕರು ಹೀಗೆ ಒಂದಾಗುವುದರಲ್ಲಿ ಅಪಾಯವೂ ಇದೆ. ಅದನ್ನು ತಿಳಿಯಲು ಅಮೆರಿಕದ ಬೇಸ್‌ಬಾಲ್ ಚರಿತ್ರೆಯನ್ನು ನೋಡಬೇಕು. 1879ರಲ್ಲಿ ಅಲ್ಲಿನ ತಂಡಗಳ ಮಾಲೀಕರು ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು: ಪ್ರತಿ ತಂಡವೂ ಐವರು ಆಟಗಾರರನ್ನು ‘ಕಾದಿರಿಸಿ’ಕೊಳ್ಳಬಹುದು, ಅವರನ್ನು ಬೇರೆಯವರು ಕರೆಯಬಾರದು. ಬರಬರುತ್ತಾ ಇದು ಎಲ್ಲ ಆಟಗಾರರಿಗೂ ಅನ್ವಯವಾಯಿತು. ಒಪ್ಪಂದದ ಅವಧಿ ಮುಗಿದರೂ ಆಟಗಾರ ಆ ತಂಡದವನೇ. ಕೊಟ್ಟಷ್ಟು ತೆಗೆದುಕೊಳ್ಳಬೇಕು, ಇಲ್ಲವೇ ಆಟ ಬಿಡಬೇಕು. ಮಾಲೀಕರು ಬೇಕಾದರೆ ಅವನನ್ನು ಇನ್ನೊಂದು ಊರಿನ ತಂಡಕ್ಕೆ ಮಾರಬಹುದು. ಈ ಪದ್ಧತಿ ಸುಮಾರು ನೂರು ವರ್ಷ ನಡೆಯಿತು.

1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಗೆ ಸಾಗಹಾಕಲಾಯಿತು. ಅವನು ಒಪ್ಪಲಿಲ್ಲ. ತಾನು ಕೊಂಡು ಮಾರುವ ಸರಕಲ್ಲ ಎಂದು ಬೇಸ್‌ಬಾಲ್ ಆಯುಕ್ತರಿಗೆ ಪತ್ರ ಬರೆದು, ನ್ಯಾಯಾಲಯಕ್ಕೆ ಹೋದ. ಆಗ ಅವನ ಸಂಬಳ ವರ್ಷಕ್ಕೆ 90 ಸಾವಿರ ಡಾಲರ್. ಆ ಕಾಲಕ್ಕೆ ದೊಡ್ಡ ಮೊತ್ತವೇ. ‘ಇಷ್ಟು ಸಂಬಳ ಬರುವವನಿಗೆ ಏನು ಕಷ್ಟ?’ ಎಂದು ಕೇಳಿದವರು ಬಹಳ. ಸಂಬಳ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಮಾರಾಟದ ವಸ್ತುವಾಗುತ್ತಾನೆಯೇ ಎನ್ನುವುದು ಅವನ ಮರುಪ್ರಶ್ನೆ. 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನು 5-3ರಿಂದ ಸೋತ. ಅಷ್ಟು ಹೊತ್ತಿಗೆ ಅವನ ಆಟದ ಬದುಕೂ ಮುಗಿದಿತ್ತು. ಆದರೆ ಅವನು ಎತ್ತಿದ ಪ್ರಶ್ನೆ ಮುಗಿಯಲಿಲ್ಲ. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರರು, ಒಪ್ಪಂದವಿಲ್ಲದೆ ಒಂದು ವರ್ಷ ಆಡಿದ ಇಬ್ಬರು ಆಟಗಾರರು ಸ್ವತಂತ್ರರು ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಹಳೆಯ ಬೇಲಿ ಮುರಿಯಿತು. 1975ರಲ್ಲಿ ಬೇಸ್‌ಬಾಲ್ ಆಟಗಾರನ ಸರಾಸರಿ ಸಂಬಳ ಸುಮಾರು 45 ಸಾವಿರ ಡಾಲರ್ ಇದ್ದದ್ದು 1980ರ ಹೊತ್ತಿಗೆ 1 ಲಕ್ಷ 43 ಸಾವಿರ ದಾಟಿತು. ಆಟಗಾರರು ಐದು ವರ್ಷದಲ್ಲಿ ಮೂರು ಪಟ್ಟು ಚೆನ್ನಾಗಿ ಆಡಲು ಕಲಿತರೇ? ಇಲ್ಲ. ಮೊದಲಿನಿಂದಲೂ ಅವರ ಆಟಕ್ಕಿದ್ದ ಬೆಲೆ ಈಗ ಅವರ ಕೈಗೆ ಬಂದಿತು, ಅಷ್ಟೇ.

ಇಲ್ಲೊಂದು ಸ್ವಾರಸ್ಯವಾದ ಸಂಗತಿ ಇದೆ. ಅರ್ಥಶಾಸ್ತ್ರ ಓದುವವರು ಗಮನಿಸಬೇಕು. ಈ ತೀರ್ಪು ಬಂದಾಗ ಓಕ್ಲಂಡ್ ತಂಡದ ಮಾಲೀಕ ಚಾರ್ಲಿ ಫಿನ್ಲಿ ಎಂಬಾತ, ಹಾಗಾದರೆ ಪ್ರತಿ ವರ್ಷ ಎಲ್ಲ ಆಟಗಾರರನ್ನೂ ಸ್ವತಂತ್ರರನ್ನಾಗಿ ಬಿಟ್ಟುಬಿಡಿ ಎಂದ. ಉಳಿದ ಮಾಲೀಕರು ನಕ್ಕರು. ನಗದೆ ಬೆವರಿದವರು ಒಬ್ಬರೇ: ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್. ಉಕ್ಕಿನ ಕಾರ್ಖಾನೆ ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಅವರಿಗೆ ಸಂತೆಯ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಒಂದೇ ದಿನ ನೂರು ಗಾಡಿ ಟೊಮೆಟೊ ಬಂದರೆ ಬೆಲೆ ಏನಾಗುತ್ತದೆ? ಎಲ್ಲ ಆಟಗಾರರೂ ಒಟ್ಟಿಗೆ ಮಾರುಕಟ್ಟೆಗೆ ಬಂದರೂ ಹಾಗೆಯೇ. ಆದ್ದರಿಂದ ಮಿಲ್ಲರ್ ‘ಆರು ವರ್ಷ ಆಡಿದವರು ಮಾತ್ರ ಸ್ವತಂತ್ರರಾಗಲಿ’ ಎಂಬ ಏರ್ಪಾಟಿಗೆ ಸಂತೋಷದಿಂದ ಒಪ್ಪಿದರು. ಮಾಲೀಕರು ತಾವು ಗೆದ್ದೆವೆಂದುಕೊಂಡರು.

ಹೀಗೆ ಬೇಸ್‌ಬಾಲ್ ಸಂತೆಯ ದಾರಿ ಹಿಡಿಯಿತು. ಬ್ಯಾಸ್ಕೆಟ್‌ಬಾಲ್ ಬೇರೆ ದಾರಿ ಹಿಡಿಯಿತು. 1980ರ ದಶಕದ ಆರಂಭದಲ್ಲಿ ಎನ್‌ಬಿಎಯ ಹಲವು ತಂಡಗಳು ನಷ್ಟದಲ್ಲಿದ್ದವು. 1983ರ ಮಾರ್ಚಿನಲ್ಲಿ ಮಾಲೀಕರೂ ಆಟಗಾರರ ಸಂಘವೂ ಕುಳಿತು ಹೊಸ ಒಪ್ಪಂದ ಮಾಡಿಕೊಂಡವು. ತಂಡವೊಂದು ಸಂಬಳಕ್ಕೆ ಖರ್ಚು ಮಾಡಬಹುದಾದ ಹಣಕ್ಕೆ ಒಂದು ಮಿತಿ. ಅದಕ್ಕೆ ಬದಲಾಗಿ ಲೀಗಿನ ಒಟ್ಟು ಆದಾಯದಲ್ಲಿ ಶೇಕಡಾ 53 ಆಟಗಾರರಿಗೆ ಎಂಬ ಖಾತರಿ. 1984-85ರ ಋತುವಿನಲ್ಲಿ ತಂಡವೊಂದರ ಮಿತಿ 36 ಲಕ್ಷ ಡಾಲರ್ ಇತ್ತು. ಆಗ ಇದು ಮುಳುಗುವ ದೋಣಿಗೆ ಹಾಕಿದ ತೇಪೆಯಂತೆ ಕಂಡಿರಬಹುದು. ಆದರೆ ನನ್ನ ಮಟ್ಟಿಗೆ ಕ್ರೀಡಾ ವ್ಯವಹಾರದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ. ಆಟಗಾರ ಮೊದಲ ಬಾರಿಗೆ ಸಂಬಳಗಾರನಿಂದ ಪಾಲುಗಾರನಾದ. ಲೀಗ್ ಬೆಳೆದರೆ ಅವನೂ ಬೆಳೆಯುತ್ತಾನೆ. ಲೀಗ್ ಸೊರಗಿದರೆ ಅವನೂ ಸೊರಗುತ್ತಾನೆ.

ಅದೇ 1983ರಲ್ಲಿ ನಮ್ಮ ಕಪಿಲ್ ದೇವ್ ತಂಡ ವಿಶ್ವಕಪ್ ಗೆದ್ದಿತು; ನಮ್ಮ ರಾಜ್ಯದ ಸಯ್ಯದ್ ಕಿರ್ಮಾನಿ, ರೋಜರ್ ಬಿನ್ನಿ ಆ ತಂಡದಲ್ಲಿದ್ದರು. ಗೆದ್ದವರಿಗೆ ಬಹುಮಾನ ಕೊಡಲು ಕ್ರಿಕೆಟ್ ಮಂಡಳಿಯ ಬಳಿ ಹಣವಿರಲಿಲ್ಲ. ಲತಾ ಮಂಗೇಶ್ಕರ್ ಅವರು ದೆಹಲಿಯಲ್ಲಿ ಹಾಡಿ, ಬಂದ ಹಣದಲ್ಲಿ ಆಟಗಾರರಿಗೆ ತಲಾ ಒಂದು ಲಕ್ಷ ರೂಪಾಯಿ ಸಂದಿತು. ಒಂದೇ ವರ್ಷದಲ್ಲಿ ಒಂದು ದೇಶದ ಆಟಗಾರರು ಪಾಲಿನ ಕರಾರಿಗೆ ಸಹಿ ಹಾಕಿದರು. ಇನ್ನೊಂದು ದೇಶದ ವಿಶ್ವವಿಜೇತರು ಗಾಯಕಿಯ ಔದಾರ್ಯದಿಂದ ಸನ್ಮಾನ ಪಡೆದರು.

ಶೇಕಡಾ 53 ಎಂದೆನಲ್ಲ. ಯಾವುದರಲ್ಲಿ ಶೇಕಡಾ 53? ನನಗೆ ತೋರುವಂತೆ ಈ ಇಡೀ ವಿಷಯದ ಮರ್ಮ ಇಲ್ಲಿದೆ. ನಾನು ಓದಿದ್ದು ವಿಜ್ಞಾನ. ಪ್ರಯೋಗಾಲಯದಲ್ಲಿ ನಮಗೆ ಮೊದಲು ಕಲಿಸಿದ ಪಾಠ, ಅಂಶವನ್ನು ನೋಡುವ ಮುನ್ನ ಛೇದವನ್ನು ನೋಡು ಎಂಬುದು. ನೂರರಲ್ಲಿ ಐವತ್ತು ಎಂದರೂ ಅರ್ಧ. ಹತ್ತರಲ್ಲಿ ಐದು ಎಂದರೂ ಅರ್ಧವೇ. ಲೀಗಿನ ಆದಾಯ ಎಂದರೆ ಟಿಕೆಟ್ ಮತ್ತು ಪ್ರಸಾರ ಹಕ್ಕಿನ ಹಣ ಮಾತ್ರವೇ? ಕ್ರೀಡಾಂಗಣದ ವಾಹನ ನಿಲ್ದಾಣದ ಶುಲ್ಕ? ಅಲ್ಲಿ ಮಾರುವ ತಿಂಡಿ? ಆಟಗಾರನ ಹೆಸರು ಬರೆದ ಅಂಗಿ? ಕ್ರೀಡಾಂಗಣಕ್ಕೆ ಒಂದು ಬ್ಯಾಂಕಿನ ಹೆಸರಿಟ್ಟು ಪಡೆದ ಹಣ? ಎನ್‌ಬಿಎ ಒಪ್ಪಂದದಲ್ಲಿ ‘ಬ್ಯಾಸ್ಕೆಟ್‌ಬಾಲ್ ಸಂಬಂಧಿತ ಆದಾಯ’ ಎಂಬ ಒಂದು ಪದಕ್ಕೆ ಅರ್ಥ ಹೇಳಲು ಪುಟಗಟ್ಟಲೆ ಬರೆದಿದ್ದಾರೆ. ವಕೀಲರ ಚಪಲ ಎಂದು ನಗಬೇಡಿ. ಒಂದೊಂದು ಸಾಲಿನ ಹಿಂದೆಯೂ ಕೋಟಿಗಟ್ಟಲೆ ಡಾಲರ್ ಇದೆ.

ಒಂದು ಉದಾಹರಣೆ ನಮ್ಮ ಮಾಧ್ಯಮಕ್ಕೇ ಸೇರಿದ್ದು. 1976ರಲ್ಲಿ ಟೆಡ್ ಟರ್ನರ್ ಎಂಬ ಉದ್ಯಮಿ ಅಟ್ಲಾಂಟಾದ ಬೇಸ್‌ಬಾಲ್ ತಂಡವನ್ನು ಕೊಂಡರು. ಅವರ ಬಳಿ ಆಗಲೇ ಒಂದು ದೂರದರ್ಶನ ಕೇಂದ್ರವಿತ್ತು. ಅದೇ ವರ್ಷ ಅದು ಉಪಗ್ರಹವೇರಿ ದೇಶವ್ಯಾಪಿಯಾಯಿತು. ಪಂದ್ಯಗಳೇ ಅದರ ಮುಖ್ಯ ಸರಕು. ತಂಡವೂ ನನ್ನದೇ, ಚಾನೆಲ್ಲೂ ನನ್ನದೇ ಎಂದಾದಾಗ ತಂಡವು ಚಾನೆಲ್‌ಗೆ ಪ್ರಸಾರ ಹಕ್ಕನ್ನು ಎಷ್ಟಕ್ಕೆ ಮಾರಿದರೇನು? ಎಡ ಜೇಬಿನಿಂದ ಬಲ ಜೇಬಿಗೆ. ಆದರೆ ಆಟಗಾರನ ಪಾಲು ಎಡ ಜೇಬಿನಲ್ಲಿ ಮಾತ್ರ ಇದ್ದರೆ, ಮಾಲೀಕ ಹಣವನ್ನು ಬಲ ಜೇಬಿನಲ್ಲಿಡುವ ಆಸೆಗೆ ಬೀಳಬಹುದು. ಆದ್ದರಿಂದಲೇ ಪಾಲಿನ ಒಪ್ಪಂದ ಎಲ್ಲಿರುತ್ತದೋ ಅಲ್ಲಿ ಲೆಕ್ಕದ ಪುಸ್ತಕ ತೆರೆದಿರಬೇಕು, ಎರಡೂ ಕಡೆಯವರು ಒಪ್ಪಿದ ಲೆಕ್ಕಪರಿಶೋಧಕರು ಅದನ್ನು ನೋಡಬೇಕು. ಲೆಕ್ಕ ತೋರಿಸದ ಶೇಕಡಾ 60ಕ್ಕಿಂತ ಲೆಕ್ಕ ತೋರಿಸಿದ ಶೇಕಡಾ 50 ಲೇಸು ಎಂದೇ ನಾನು ಹೇಳುತ್ತೇನೆ.

ಋತುವಿನ ಆರಂಭದಲ್ಲಿ ಆ ವರ್ಷ ಎಷ್ಟು ಹಣ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಹಾಗಾದರೆ ಪಾಲು ಹಂಚುವುದು ಹೇಗೆ? ಎನ್‌ಬಿಎ ಒಂದು ಉಪಾಯ ಮಾಡಿದೆ. ಆಟಗಾರನ ಪ್ರತಿ ಸಂಬಳದಿಂದ ಸಾಮಾನ್ಯವಾಗಿ ಶೇಕಡಾ 10ನ್ನು ಹಿಡಿದು ಒಂದು ಪ್ರತ್ಯೇಕ ಠೇವಣಿಯಲ್ಲಿ ಇಡುತ್ತಾರೆ. ವರ್ಷದ ಕೊನೆಗೆ ಲೆಕ್ಕ ಹಾಕಿ, ಆಟಗಾರರಿಗೆ ಸಂದದ್ದು ಅವರ ಪಾಲಿಗಿಂತ ಹೆಚ್ಚಾಗಿದ್ದರೆ ಆ ಠೇವಣಿ ಮಾಲೀಕರಿಗೆ, ಇಲ್ಲದಿದ್ದರೆ ಆಟಗಾರರಿಗೆ. 2020ರಲ್ಲಿ ಕೊರೋನಾ ಬಂದು ಪಂದ್ಯಗಳು ನಿಂತಾಗ ಈ ಕಡಿತವನ್ನು ಮೇ ತಿಂಗಳಿಂದ ಶೇಕಡಾ 25ಕ್ಕೆ ಏರಿಸಿದರು. ಆಟಗಾರರ ಸಂಘವೂ ಒಪ್ಪಿತು. ಪಾಲುಗಾರನೆಂದ ಮೇಲೆ ನಷ್ಟದಲ್ಲಿಯೂ ಕೂರಬೇಕಲ್ಲ!

ಪಾಲಿನ ಪದ್ಧತಿಯಲ್ಲಿ ಇನ್ನೊಂದು ಗುಣವಿದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಶಕ್ತಿಯ ಸಂರಕ್ಷಣಾ ನಿಯಮ ಗೊತ್ತಿದೆ. ಆಟಗಾರರ ಒಟ್ಟು ಪಾಲು ನಿಗದಿಯಾದ ಮೇಲೆ, ಒಬ್ಬ ತಾರೆಗೆ ಹೆಚ್ಚು ಕೊಟ್ಟರೆ ಅದು ಮಾಲೀಕನ ಜೇಬಿನಿಂದ ಬರುವುದಿಲ್ಲ. ಬೆಂಚಿನಲ್ಲಿ ಕುಳಿತ ಹತ್ತನೆಯ ಆಟಗಾರನ ಜೇಬಿನಿಂದ ಬರುತ್ತದೆ. ಆದ್ದರಿಂದ ಜಗಳ ಮಾಲೀಕ-ಆಟಗಾರರ ನಡುವಿನಿಂದ ಆಟಗಾರ-ಆಟಗಾರರ ನಡುವೆ ಜಾರುತ್ತದೆ. ತಾರೆಯರ ಸಂಬಳಕ್ಕೂ ಎನ್‌ಬಿಎ ಗರಿಷ್ಠ ಮಿತಿ ಹಾಕಿದೆ.

ಇಷ್ಟೆಲ್ಲ ಇದ್ದರೂ ಜಗಳ ನಿಂತಿಲ್ಲ. ಪಾಲು ಶೇಕಡಾ 57ರವರೆಗೆ ಏರಿತ್ತು. 2011ರಲ್ಲಿ ಮಾಲೀಕರು ತಾವು ನಷ್ಟದಲ್ಲಿದ್ದೇವೆಂದು ಹೇಳಿ ಬಾಗಿಲು ಮುಚ್ಚಿದರು. 82 ಪಂದ್ಯಗಳ ಋತು 66ಕ್ಕೆ ಇಳಿಯಿತು. ಆಟಗಾರರು 49ರಿಂದ 51ರ ನಡುವಿನ ಪಾಲಿಗೆ ಒಪ್ಪಬೇಕಾಯಿತು. ಮುಂದೆ 2016-17ರಿಂದ ಒಂಬತ್ತು ವರ್ಷಕ್ಕೆ 2,400 ಕೋಟಿ ಡಾಲರಿನ ಪ್ರಸಾರ ಒಪ್ಪಂದ ಜಾರಿಗೆ ಬಂದಾಗ, ತಂಡಗಳ ಸಂಬಳದ ಮಿತಿ ಒಂದೇ ವರ್ಷದಲ್ಲಿ 7 ಕೋಟಿಯಿಂದ 9 ಕೋಟಿ 41 ಲಕ್ಷ ಡಾಲರಿಗೆ ಜಿಗಿಯಿತು. ಚಿಕ್ಕದಾದ ಪಾಲೂ ದೊಡ್ಡ ಮೊತ್ತವಾಯಿತು. ಐಸ್ ಹಾಕಿಯಲ್ಲಿ ಇನ್ನೂ ಕೆಟ್ಟದಾಯಿತು. 2004-05ರ ಇಡೀ ಋತುವೇ ರದ್ದಾಯಿತು. 2013ರಿಂದ ಅಲ್ಲಿ ಸರಿ ಅರ್ಧ-ಅರ್ಧ. ಅಮೆರಿಕನ್ ಫುಟ್‌ಬಾಲಿನಲ್ಲಿ 2020ರ ಒಪ್ಪಂದದ ಪ್ರಕಾರ ಆಟಗಾರರಿಗೆ ಶೇಕಡಾ 48ರ ಆಸುಪಾಸು. ಬೇರೆ ಬೇರೆ ಆಟ, ಬೇರೆ ಬೇರೆ ಜಗಳ. ಆದರೂ ಬಂದು ನಿಂತ ಜಾಗ ನೋಡಿ: ಎಲ್ಲರೂ ಅರ್ಧದ ಹತ್ತಿರವೇ.

ಬೇಸ್‌ಬಾಲಿನವರು ಮಾತ್ರ ಮಿತಿಗೆ ಒಪ್ಪಲಿಲ್ಲ. 1994ರಲ್ಲಿ ಮಾಲೀಕರು ಸಂಬಳದ ಮಿತಿ ಬೇಕೇ ಬೇಕೆಂದಾಗ ಆಗಸ್ಟ್ 12ರಿಂದ ಆಟಗಾರರು ಮುಷ್ಕರ ಹೂಡಿದರು. ಎರಡು ಮಹಾಯುದ್ಧಗಳ ಕಾಲದಲ್ಲೂ ನಿಲ್ಲದಿದ್ದ ‘ವರ್ಲ್ಡ್ ಸೀರೀಸ್’ ಎಂಬ ಅಂತಿಮ ಸರಣಿ ಆ ವರ್ಷ ರದ್ದಾಯಿತು. ಮರುವರ್ಷ ಮಾರ್ಚಿನಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶೆ ಸೋನಿಯಾ ಸೋಟೊಮೇಯರ್ ಅವರ ತಡೆಯಾಜ್ಞೆಯಿಂದ ಹಳೆಯ ಷರತ್ತುಗಳು ಮತ್ತೆ ಜಾರಿಗೆ ಬಂದು ಆಟ ಪುನರಾರಂಭವಾಯಿತು. ಮುಂದೆ ಅವರೇ ಅಮೆರಿಕದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮುಷ್ಕರದಲ್ಲಿ ಕೋಟ್ಯಧೀಶರ ಜೊತೆ ಲಕ್ಷಾಧೀಶರು ಜಗಳವಾಡುತ್ತಿದ್ದಾರೆ ಎಂದು ಜನ ಹೇಸಿದರು. ಪಂದ್ಯವಿದ್ದ ದಿನ ಕಡಲೆಕಾಯಿ ಮಾರಿ, ಗೇಟು ಕಾದು ದಿನಗೂಲಿ ಪಡೆಯುತ್ತಿದ್ದವರ ಪಾಲನ್ನು ಮಾತ್ರ ಯಾರ ಶೇಕಡಾವಾರಿನಲ್ಲಿಯೂ ಸೇರಿಸಿರಲಿಲ್ಲ.

ಮಾಲೀಕರ ಕಡೆಯ ಮಾತನ್ನೂ ಕೇಳಬೇಕು. ಬಂಡವಾಳ ಅವರದು. ಪ್ರಯಾಣ, ವೈದ್ಯರು, ತರಬೇತುದಾರರು, ಕ್ರೀಡಾಂಗಣ, ಕಿರಿಯರ ತರಬೇತಿ ಎಲ್ಲವೂ ಅವರ ಪಾಲಿನಿಂದಲೇ ಹೋಗಬೇಕು. ಆದ್ದರಿಂದ ಉಳಿದ ಅರ್ಧವೆಲ್ಲ ಲಾಭವಲ್ಲ. ಇದು ನ್ಯಾಯವಾದ ಮಾತು. ಆದರೆ ಅವರು ಹೆಚ್ಚಾಗಿ ಹೇಳದ ಇನ್ನೊಂದು ಮಾತಿದೆ. 1981ರಲ್ಲಿ ಸ್ಯಾನ್ ಡಿಯಾಗೋದ ಕ್ಲಿಪ್ಪರ್ಸ್ ತಂಡವನ್ನು ಅದರ ಮಾಲೀಕರು ಕೊಂಡದ್ದು 1 ಕೋಟಿ 25 ಲಕ್ಷ ಡಾಲರಿಗೆ. ಮುಂದೆ ಲಾಸ್ ಏಂಜಲಿಸ್‌ಗೆ ಹೋದ ಆ ತಂಡ 2014ರಲ್ಲಿ ಮಾರಾಟವಾದದ್ದು 200 ಕೋಟಿ ಡಾಲರಿಗೆ. ನಡುವಿನ ಬಹುಪಾಲು ವರ್ಷ ಆ ತಂಡ ಸೋಲುತ್ತಲೇ ಇತ್ತು! ಈ ಬೆಳವಣಿಗೆ ವರ್ಷದ ಆದಾಯದ ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಆಟಗಾರನಿಗೆ ಬಿಡಿಗಾಸಿನ ಪಾಲೂ ಇಲ್ಲ. ಆಟಗಾರನ ಆಸ್ತಿಯೋ ಅವನ ಮೊಣಕಾಲು, ಹೆಗಲು. ಅವು ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುವ ಆಸ್ತಿ. ಆದ್ದರಿಂದ ಅರ್ಧ ಎನ್ನುವುದು ಆಟಗಾರರ ದುರಾಸೆ ಎಂದು ನನಗೆ ಅನ್ನಿಸುವುದಿಲ್ಲ. ಮತ್ತು ಆ ಅರ್ಧದಿಂದ ಮೊದಲು ತೆಗೆದಿಡಬೇಕಾದದ್ದು ತಾರೆಯರ ಸಂಬಳವಲ್ಲ. ಕನಿಷ್ಠ ವೇತನ, ಗಾಯಕ್ಕೆ ಚಿಕಿತ್ಸೆ, ಪಿಂಚಣಿ. ಎರಡು-ಮೂರು ವರ್ಷ ಆಡಿ ಮನೆಗೆ ಹೋಗುವವರು ಯಾವ ಲೀಗಿನಲ್ಲೂ ಬಹಳ.

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಒಂದು ಕಾಲದಲ್ಲಿ ಪಂದ್ಯವನ್ನು ನೇರವಾಗಿ ತೋರಿಸಲು ಕ್ರಿಕೆಟ್ ಮಂಡಳಿಯೇ ದೂರದರ್ಶನಕ್ಕೆ ಹಣ ಕೊಡುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. 1990ರ ದಶಕದಲ್ಲಿ ಮಂಡಳಿ ಹಕ್ಕನ್ನು ಖಾಸಗಿಯವರಿಗೆ ಮಾರತೊಡಗಿತು, ಜಗಳ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು, ಪ್ರಸಾರದ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯವಿಲ್ಲ ಎಂದು 1995ರ ಫೆಬ್ರವರಿಯಲ್ಲಿ ತೀರ್ಪು ಬಂತು. ಅಲ್ಲಿಂದ ಹಕ್ಕಿನ ಬೆಲೆ ಏರಿದ ಬಗೆ ನಿಮಗೆ ಗೊತ್ತೇ ಇದೆ. 2008ರಲ್ಲಿ ಐಪಿಎಲ್ ಬಂತು. 2022ರ ಜೂನಿನಲ್ಲಿ ಅದರ 2023ರಿಂದ 2027ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಯಿತು.

ಪೆನ್ಸಿಲ್ ಹಿಡಿಯಿರಿ. ಐದರಿಂದ ಭಾಗಿಸಿದರೆ ವರ್ಷಕ್ಕೆ 9,678 ಕೋಟಿ. 2025ರಲ್ಲಿ ಒಂದು ತಂಡ ಹರಾಜಿನ ಹಣ, ಪಂದ್ಯದ ಶುಲ್ಕ, ಸಾಧನೆಯ ಹೆಚ್ಚುವರಿ ಎಲ್ಲ ಸೇರಿ ಆಟಗಾರರಿಗೆ ಕೊಡಬಹುದಾಗಿದ್ದ ಗರಿಷ್ಠ ಮೊತ್ತ 146 ಕೋಟಿ. ಹತ್ತು ತಂಡಕ್ಕೆ 1,460 ಕೋಟಿ. ಅಂದರೆ ಪ್ರಸಾರ ಹಕ್ಕಿನ ಹಣದಲ್ಲಿ ಸುಮಾರು ಶೇಕಡಾ 15. ಟಿಕೆಟ್ಟು, ಪ್ರಾಯೋಜಕರು, ಅಂಗಿಯ ಮೇಲಿನ ಜಾಹೀರಾತು ಇವನ್ನೆಲ್ಲ ಸೇರಿಸಿದರೆ ಶೇಕಡಾವಾರು ಇನ್ನೂ ಇಳಿಯುತ್ತದೆ.

ಹಾಗಾದರೆ ನಮ್ಮವರಿಗೆ ಮೋಸವಾಗಿದೆಯೇ? ಅವಸರ ಬೇಡ, ಛೇದವನ್ನು ನೋಡೋಣ. ಈ ಹಣದಲ್ಲಿ ಸುಮಾರು ಅರ್ಧವನ್ನು ಕ್ರಿಕೆಟ್ ಮಂಡಳಿ ಇಟ್ಟುಕೊಳ್ಳುತ್ತದೆ. ಅಮೆರಿಕದಲ್ಲಿ ಆಟಗಾರನನ್ನು ಬೆಳೆಸುವುದು ಹೆಚ್ಚಾಗಿ ಕಾಲೇಜುಗಳು. ಇಲ್ಲಿ ಬೆಳೆಸುವುದು ಮಂಡಳಿ ಮತ್ತು ರಾಜ್ಯ ಸಂಸ್ಥೆಗಳು. ರಣಜಿ ಟ್ರೋಫಿಯಿಂದ ಹಿಡಿದು ಹದಿನಾರರ ಹುಡುಗರ ಪಂದ್ಯದವರೆಗೆ ಖರ್ಚು ಅಲ್ಲಿಂದ ಬರಬೇಕು. ತಂಡಗಳ ಕೈಗೆ ಬರುವ ಅರ್ಧದ ಎದುರು ಇಟ್ಟರೆ ಆಟಗಾರರ ಪಾಲು ಶೇಕಡಾ 30ರ ಸುಮಾರು. ಇದಲ್ಲದೆ ಮಂಡಳಿಗೆ ತನ್ನ ಒಟ್ಟು ಆದಾಯದಲ್ಲಿ ಶೇಕಡಾ 26ನ್ನು ಆಟಗಾರರಿಗೆ ಕೊಡುವ ಒಂದು ಸೂತ್ರವಿದೆ. ಅದರ ಅರ್ಧ, ಅಂದರೆ 13, ಅಂತರರಾಷ್ಟ್ರೀಯ ಆಟಗಾರರಿಗೆ. ಉಳಿದದ್ದು ದೇಶೀಯ ಆಟಗಾರರು, ಮಹಿಳೆಯರು, ಕಿರಿಯರಿಗೆ. ಆದ್ದರಿಂದ ಅಮೆರಿಕದ ಅರ್ಧವನ್ನು ತಂದು ಇಲ್ಲಿ ಹಾಗೆಯೇ ನೆಡಲಾಗದು. ಆದರೂ ಶೇಕಡಾ 15 ಕಡಿಮೆಯೇ ಎನ್ನುವುದು ನನ್ನ ಅಭಿಪ್ರಾಯ.

2023ರಲ್ಲಿ ಆರಂಭವಾದ ಮಹಿಳೆಯರ ಲೀಗಿಗೆ ಇದೇ ಲೆಕ್ಕ ಹಾಕಿ. ಐದು ವರ್ಷದ ಪ್ರಸಾರ ಹಕ್ಕು 951 ಕೋಟಿ. ವರ್ಷಕ್ಕೆ ಸುಮಾರು 190 ಕೋಟಿ. 2023ರಲ್ಲಿ ಐದು ತಂಡಗಳಿಗೆ ತಲಾ 12 ಕೋಟಿ, ಒಟ್ಟು 60 ಕೋಟಿ ಇತ್ತು. ಸುಮಾರು ಶೇಕಡಾ 32! ಗಂಡಸರ ಎರಡು ಪಟ್ಟು ಪಾಲು. ಆದರೆ ಆ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ಸ್ಮೃತಿ ಮಂಧಾನಾ ಅವರಿಗೆ ಬೆಂಗಳೂರು ತಂಡ ಕೊಟ್ಟದ್ದು 3 ಕೋಟಿ 40 ಲಕ್ಷ. ಶೇಕಡಾವಾರು ಒಂದನ್ನೇ ನೋಡಿದರೂ ಮೋಸ, ಮೊತ್ತವೊಂದನ್ನೇ ನೋಡಿದರೂ ಮೋಸ ಎಂದದ್ದು ಇದಕ್ಕೇ.

ನನಗೆ ಹೆಚ್ಚು ಕಾಡುವುದು ಬೇರೊಂದು ವಿಷಯ. ಐಪಿಎಲ್‌ನ ಈ 146 ಕೋಟಿಯನ್ನು ನಿರ್ಧರಿಸಿದವರು ಯಾರು? ಮಂಡಳಿ ಮತ್ತು ತಂಡಗಳ ಮಾಲೀಕರು. ಬಾಸ್ಟನ್ನಿನಲ್ಲಿ ಬಾಗಿಲು ಹಾಕಿಕೊಂಡವರಿಗೆ ಒಂದು ಸಂಘವಿತ್ತು. ಇಲ್ಲಿ ಆಡುತ್ತಿರುವ ಆಟಗಾರರಿಗೆ ಸಂಘವಿಲ್ಲ. 2019ರಲ್ಲಿ ಆರಂಭವಾದ ಭಾರತೀಯ ಕ್ರಿಕೆಟಿಗರ ಸಂಘ ನಿವೃತ್ತರಿಗೆ ಮಾತ್ರ. ಆಡುವವರ ಪರವಾಗಿ ಮಾತಾಡಬೇಕಾದರೆ ಅನಿಲ್ ಕುಂಬ್ಳೆ ಅವರಂಥ ಒಬ್ಬರು ಮುಂದೆ ಬರಬೇಕು. 2017ರಲ್ಲಿ ತಂಡದ ತರಬೇತುದಾರರಾಗಿದ್ದಾಗ ಅವರು ಆಟಗಾರರ ಸಂಭಾವನೆ ಹೆಚ್ಚಬೇಕೆಂದು ಆಡಳಿತಗಾರರ ಸಮಿತಿಯ ಮುಂದೆ ಲೆಕ್ಕಪತ್ರ ಇಟ್ಟರು. ಮರುವರ್ಷ ಹೊಸ ಗುತ್ತಿಗೆಗಳು ಬಂದವು. ಮೇಲಿನ ದರ್ಜೆಗೆ 7 ಕೋಟಿ ಆಯಿತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಅಂಕಿ-ಅಂಶ ಹಿಡಿದು ಮಾತಾಡಿದ್ದು ನನಗೆ ಮೆಚ್ಚುಗೆಯೇ. ಆದರೆ ಒಬ್ಬರ ವ್ಯಕ್ತಿತ್ವದ ಬಲದಿಂದ ಸಿಕ್ಕದ್ದು ಅವರು ಹೋದ ಮೇಲೆ ಯಾರ ಕೈಯಲ್ಲಿರುತ್ತದೆ? ಹರಾಜಿನಲ್ಲಿ ಮೂಲಬೆಲೆಗೆ ಹೋಗಿ, ಎರಡು ಪಂದ್ಯ ಆಡಿ, ಮರುವರ್ಷ ಯಾರಿಗೂ ಬೇಡವಾಗುವ ಹುಬ್ಬಳ್ಳಿಯ ಹುಡುಗನ ಪರವಾಗಿ ಯಾರು ಲೆಕ್ಕಪತ್ರ ಇಡುತ್ತಾರೆ?

ಈಗಿನ ಪ್ರಸಾರ ಹಕ್ಕು 2027ರ ಋತುವಿಗೆ ಮುಗಿಯುತ್ತದೆ. ಆ ಮೇಲೆ ಹೊಸ ಮೊತ್ತವೊಂದು ಪತ್ರಿಕೆಗಳ ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ. ಅಂದು ನೀವು ಅದನ್ನು ಐದರಿಂದಲೋ ಎಷ್ಟು ವರ್ಷವೋ ಅಷ್ಟರಿಂದ ಭಾಗಿಸಿ, ಆ ವರ್ಷದ ತಂಡಗಳ ಸಂಬಳದ ಮಿತಿಯನ್ನು ಅದರ ಪಕ್ಕದಲ್ಲಿ ಬರೆಯಿರಿ. ಈ ಶೇಕಡಾ 15 ಎಷ್ಟಾಯಿತು ಎಂದು ನೋಡಿ. ಆ ಮಿತಿಯನ್ನು ಗೊತ್ತುಮಾಡಿದ ಮೇಜಿನ ಸುತ್ತ ಯಾರು ಯಾರು ಕುಳಿತಿದ್ದರು ಎಂಬುದನ್ನೂ ಸುದ್ದಿಯಲ್ಲಿ ಹುಡುಕಿ.